ಎಕ್ಸ್-ರೇ ಆಕಾಶದ ನಕ್ಷೆ ಅರ್ಧಕ್ಕೇ ನಿಲ್ಲದಿರಲಿ

ಮಾನ್ಯರೇ,

ಎಕ್ಸ್-ರೇ ಆಕಾಶದ, ಅಂದರೆ ಎಕ್ಸ್-ರೇ ಕಿರಣಗಳಲ್ಲಿ ಕಾಣುವ ಆಕಾಶದ, ನಕ್ಷೆ ತಯಾರಿಸುತ್ತಿದ್ದ ಇರೋಸಿಟಾ (ರಷ್ಯಾದ ವ್ಯೋಮನೌಕೆಯಲ್ಲಿರುವ ಜರ್ಮನಿಯ ಬಾಹ್ಯಾಕಾಶ ದೂರದರ್ಶಕ) 2022ರ ಫೆಬ್ರುವರಿಯಿಂದ ಸುಮ್ಮನಿರುವುದು ಬೇಸರದ ಸಂಗತಿ. ಅದು ಕೆಟ್ಟು ನಿಂತದ್ದಲ್ಲ. ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾ ಜೊತೆಗಿನ ಸಹಕಾರವನ್ನು ಜರ್ಮನಿ ನಿಲ್ಲಿಸಿತು, ಅಷ್ಟೇ. ಇಡೀ ಆಕಾಶವನ್ನು ಎಂಟು ಸಲ ನೋಡಬೇಕಿತ್ತು. ಮುಗಿದದ್ದು ನಾಲ್ಕೇ ಸಲ.

ಒಮ್ಮೆ ನೋಡಿದರೆ ಸಾಕಲ್ವಾ? ಸಾಲದು. ಎಕ್ಸ್-ರೇ ಆಕಾಶ ಬದಲಾಗುತ್ತಲೇ ಇರುತ್ತದೆ. ನಕ್ಷತ್ರವೊಂದು ದೈತ್ಯ ಕಪ್ಪುರಂಧ್ರದ ತೀರಾ ಹತ್ತಿರ ಹೋಗಿ ಛಿದ್ರವಾದರೆ, ಮೊದಲು ಏನೂ ಕಾಣದಿದ್ದ ಜಾಗ ಕೆಲವು ತಿಂಗಳು ಬೆಳಗಿ ಮಂಕಾಗುತ್ತದೆ. ಆರು ತಿಂಗಳಿಗೊಮ್ಮೆ ಅದೇ ಜಾಗಕ್ಕೆ ಮರಳಿದ್ದರಿಂದಲೇ ಇಂಥವು ಸಿಕ್ಕವು. ನೆಲದಿಂದ ನೋಡೋಣವೆಂದರೆ ವಾತಾವರಣ ಎಕ್ಸ್-ರೇಯನ್ನು ಒಳಗೆ ಬಿಡುವುದಿಲ್ಲ.

ಮುಂದಿನ ಜಂಟಿ ಯೋಜನೆಗಳ ಒಪ್ಪಂದದಲ್ಲಿ, ದೇಶಗಳ ಸಂಬಂಧ ಕೆಟ್ಟರೂ ಆಕಾಶ ಸಮೀಕ್ಷೆ ಮುಂದುವರಿಯಬೇಕೆಂಬ ಷರತ್ತನ್ನು ಮೊದಲೇ ಸೇರಿಸಲಿ.

– ಓದುಗ