ಮುಂದೂಡಿದ ಸೋಂಕು ಮಕ್ಕಳ ತಲೆಯ ಮೇಲಿನ ಸಾಲವಲ್ಲ

ಮಾನ್ಯ ಸಂಪಾದಕರೇ,

ಮಕ್ಕಳಲ್ಲಿ ಕೆಮ್ಮು, ನೆಗಡಿ, ಉಬ್ಬಸ ಹೆಚ್ಚಿದಾಗಲೆಲ್ಲ ಪತ್ರಿಕೆಗಳಲ್ಲೂ ಮೊಬೈಲ್ ಸಂದೇಶಗಳಲ್ಲೂ ಒಂದು ಮಾತು ಮರಳಿ ಮರಳಿ ಕಾಣಿಸಿಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ ಮಕ್ಕಳನ್ನು ಮನೆಯೊಳಗೆ ಕೂಡಿಹಾಕಿದ್ದರಿಂದ ಅವರ ರೋಗನಿರೋಧಕ ಶಕ್ತಿ ಕುಂದಿತು, ಆ ‘ಸಾಲ’ವನ್ನು ಅವರೀಗ ಬಡ್ಡಿಸಮೇತ ತೀರಿಸುತ್ತಿದ್ದಾರೆ ಎಂಬುದೇ ಆ ಮಾತು. ಮಕ್ಕಳ ವೈದ್ಯೆಯಾದ ನನ್ನೆದುರು ಕುಳಿತ ತಾಯಂದಿರು, ತಾವೇ ಏನೋ ತಪ್ಪು ಮಾಡಿದವರಂತೆ, ಇದನ್ನೇ ಕೇಳುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧ ತಪ್ಪು ಮಾತ್ರವಲ್ಲ, ಎಳೆಯ ಮಕ್ಕಳಿಗೆ ಅಪಾಯ ತರಬಲ್ಲದ್ದು. ಆದ್ದರಿಂದ ಪತ್ರ ತುಸು ದೀರ್ಘವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಮೊದಲು ನಡೆದದ್ದನ್ನು ನೆನಪಿಸಿಕೊಳ್ಳೋಣ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದ ಕೆಲವೇ ವಾರಗಳಲ್ಲಿ ದಕ್ಷಿಣ ಗೋಳಾರ್ಧದ ದೇಶಗಳು ಚಳಿಗಾಲಕ್ಕೆ ಕಾಲಿಟ್ಟವು. ಪ್ರತಿವರ್ಷ ಫ್ಲೂ ಉಲ್ಬಣಿಸುವ ಕಾಲವದು. ಆದರೆ ಆಸ್ಟ್ರೇಲಿಯಾ, ಚಿಲಿ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಆ ವರ್ಷದ ಏಪ್ರಿಲ್‌ನಿಂದ ಜುಲೈವರೆಗೆ ಪರೀಕ್ಷಿಸಿದ 83,307 ಮಾದರಿಗಳಲ್ಲಿ ಫ್ಲೂ ಕಂಡುಬಂದದ್ದು ಕೇವಲ 51ರಲ್ಲಿ. ಅಮೆರಿಕದಲ್ಲಿ 2019–20ರ ಫ್ಲೂ ಋತುವಿನಲ್ಲಿ 199 ಮಕ್ಕಳು ಸತ್ತಿದ್ದರೆ, ಮರುವರ್ಷ ವರದಿಯಾದದ್ದು ಒಂದೇ ಒಂದು ಸಾವು. ಹಸುಗೂಸುಗಳ ಶ್ವಾಸಕೋಶವನ್ನು ಕಾಡುವ ಆರ್‌ಎಸ್‌ವಿ, ಅಂದರೆ ರೆಸ್ಪಿರೇಟರಿ ಸಿನ್ಸೀಷಿಯಲ್ ವೈರಸ್, ಪಶ್ಚಿಮ ಆಸ್ಟ್ರೇಲಿಯಾದ ಮಕ್ಕಳಲ್ಲಿ 2020ರ ಚಳಿಗಾಲದಲ್ಲಿ ಶೇ 98ರಷ್ಟು ಇಳಿಯಿತು. ಆ ಚಳಿಗಾಲದಲ್ಲಿ ಅಲ್ಲಿನ ಶಾಲೆಗಳು ತೆರೆದೇ ಇದ್ದವು ಎಂಬುದನ್ನು ‘ಕೂಡಿಹಾಕಿದ ಮಕ್ಕಳ’ ಕುರಿತು ಬರೆಯುವವರು ಗಮನಿಸಬೇಕು. ಗಡಿ ಮುಚ್ಚಿದ್ದು, ಪ್ರಯಾಣ ನಿಂತದ್ದು, ಜ್ವರ ಬಂದ ದೊಡ್ಡವರು ಮನೆಯಲ್ಲೇ ಉಳಿದದ್ದು ಶಾಲೆಯ ಬಾಗಿಲಿಗಿಂತ ಹೆಚ್ಚು ಕೆಲಸ ಮಾಡಿರಬಹುದು.

ಎಲ್ಲ ವೈರಾಣುಗಳೂ ಒಂದೇ ಬಗೆಯಲ್ಲಿ ಮಣಿಯಲಿಲ್ಲ. ಸಾಮಾನ್ಯ ನೆಗಡಿಯ ರೈನೋವೈರಸ್ ಲಾಕ್‌ಡೌನ್‌ನ ಆರಂಭದಲ್ಲಿ ತಗ್ಗಿದಂತೆ ಕಂಡರೂ ಶಾಲೆಗಳು ತೆರೆದ ಕೆಲವೇ ವಾರಗಳಲ್ಲಿ ಎದ್ದು ಕುಳಿತಿತು. ಹಾಂಗ್‌ಕಾಂಗ್‌ನ ಶಾಲೆಗಳಲ್ಲಿ ಮಕ್ಕಳು ಮಾಸ್ಕ್ ಧರಿಸಿದ್ದಾಗಲೇ ನೆಗಡಿ ಗುಂಪುಗುಂಪಾಗಿ ಹರಡಿತು. ಇದಕ್ಕೆ ಕಾರಣ ವೈರಾಣುವಿನ ಮೈಕಟ್ಟಿನಲ್ಲೇ ಇದೆ. ಫ್ಲೂ, ಆರ್‌ಎಸ್‌ವಿ, ಕೊರೊನಾ ವೈರಾಣುಗಳ ಹೊರಮೈಯಲ್ಲಿ ಕೊಬ್ಬಿನ ಪೊರೆಯೊಂದಿರುತ್ತದೆ. ಸಾಬೂನು, ಸ್ಯಾನಿಟೈಸರ್‌ಗಳು ಆ ಪೊರೆಯನ್ನು ಕರಗಿಸಿ ವೈರಾಣುವನ್ನು ನಿಷ್ಕ್ರಿಯಗೊಳಿಸುತ್ತವೆ. ರೈನೋವೈರಸ್‌ಗೆ ಆ ಪೊರೆಯೇ ಇಲ್ಲ. ಹೀಗಾಗಿ ಆಲ್ಕೊಹಾಲ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಕೈ ಮತ್ತು ಆಟಿಕೆಗಳ ಮೇಲೆ ಅದು ಹೆಚ್ಚು ಹೊತ್ತು ಬದುಕುತ್ತದೆ, ರೋಗಲಕ್ಷಣವೇ ಇಲ್ಲದ ಮಕ್ಕಳ ಮೂಗಿನಲ್ಲೂ ಮನೆಮಾಡಿಕೊಂಡಿರುತ್ತದೆ. ಇನ್ನೊಂದು ತುದಿಯಲ್ಲಿ, ಫ್ಲೂ ವೈರಾಣುವಿನ ‘ಬಿ–ಯಮಗಾಟ’ ಎಂಬ ವಂಶವು 2020ರ ಮಾರ್ಚ್‌ನಿಂದ ಈಚೆಗೆ ಎಲ್ಲಿಯೂ ಖಚಿತವಾಗಿ ಪತ್ತೆಯಾಗಿಲ್ಲ. ಲಸಿಕೆಯಿಂದ ಅದನ್ನು ಕೈಬಿಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2023ರಲ್ಲಿ ಹೇಳಿದ ಮೇಲೆ, ನಾಲ್ಕು ತಳಿಗಳ ಫ್ಲೂ ಲಸಿಕೆಯಿಂದ ಹಲವು ದೇಶಗಳು ಮತ್ತೆ ಮೂರು ತಳಿಗಳದ್ದಕ್ಕೆ ಮರಳಿವೆ. ಎಲ್ಲವೂ ಬಡ್ಡಿಸಮೇತ ಮರಳಿತು ಎನ್ನುವವರು ಮರಳದೇ ಹೋದ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಇನ್ನು ಕಾಲ ತಪ್ಪಿ ಮರಳಿದವುಗಳ ವಿಷಯ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಚಳಿಗಾಲದಲ್ಲಿ ಕಾಣೆಯಾಗಿದ್ದ ಆರ್‌ಎಸ್‌ವಿ 2020ರ ಕೊನೆಯಲ್ಲಿ, ಅಲ್ಲಿನ ವಸಂತ ಮತ್ತು ಬೇಸಿಗೆಯಲ್ಲಿ, ಹಿಂದಿನ ಚಳಿಗಾಲಗಳ ಶಿಖರವನ್ನೂ ಮೀರಿ ಏರಿತು. 2021ರಲ್ಲಿ ಜಪಾನ್‌ನಲ್ಲೂ ಇಸ್ರೇಲ್‌ನಲ್ಲೂ ಅದು ಬೇಸಿಗೆಯ ಕಾಯಿಲೆಯಾಯಿತು. ಅಮೆರಿಕದ ದಕ್ಷಿಣದ ರಾಜ್ಯಗಳ ವೈದ್ಯರಿಗೆ ಜೂನ್ ತಿಂಗಳಲ್ಲೇ ಎಚ್ಚರಿಕೆ ಹೋಯಿತು. ನ್ಯೂಜಿಲೆಂಡ್‌ನಲ್ಲಿ 2020ರಲ್ಲಿ ಬಹುತೇಕ ಶೂನ್ಯವಾಗಿದ್ದ ಸೋಂಕು, ಆಸ್ಟ್ರೇಲಿಯಾದೊಂದಿಗಿನ ಪ್ರಯಾಣ 2021ರ ಏಪ್ರಿಲ್‌ನಲ್ಲಿ ಮುಕ್ತವಾದ ಬಳಿಕ ಜೂನ್–ಜುಲೈನಲ್ಲಿ ಮಕ್ಕಳ ವಾರ್ಡ್‌ಗಳನ್ನು ತುಂಬಿಬಿಟ್ಟಿತು. ಚಳಿ, ತೇವ, ಮಳೆಗಳೇ ಈ ಸೋಂಕುಗಳ ಒಡೆಯರೆಂದು ನಾವು ಓದಿಕೊಂಡು ಬಂದಿದ್ದೆವು. ಹವಾಮಾನದ ಪಾತ್ರ ಇದೆ, ನಿಜ. ಆದರೆ ವೈರಾಣುವನ್ನು ಒಳತರುವ ಜನರ ಓಡಾಟ ಮತ್ತು ಅದನ್ನು ಇನ್ನೂ ಎದುರಿಸದ ಮಕ್ಕಳ ಸಂಖ್ಯೆ, ಇವೆರಡೂ ಸೇರಿದರೆ ಸುಡುಬಿಸಿಲಲ್ಲೂ ‘ಚಳಿಗಾಲದ ಕಾಯಿಲೆ’ ಬರಬಲ್ಲದೆಂಬುದನ್ನು ಆ ಎರಡು ವರ್ಷಗಳು ತೋರಿಸಿಕೊಟ್ಟವು.

‘ಸಾಲ’ದ ಮಾತಿನ ನಿಜವಾದ ಅರ್ಧ ಇರುವುದು ಇಲ್ಲಿಯೇ. ಸಾಮಾನ್ಯ ಕಾಲದಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಎರಡು ವರ್ಷ ತುಂಬುವುದರೊಳಗೆ ಒಮ್ಮೆಯಾದರೂ ಆರ್‌ಎಸ್‌ವಿ ತಗಲಿರುತ್ತದೆ. 2020ರಲ್ಲಿ ಹುಟ್ಟಿದವರಲ್ಲಿ ಹಲವರಿಗೆ ಅದು ತಗಲಲಿಲ್ಲ. ಮರುವರ್ಷ ಹುಟ್ಟಿದವರೂ ಅವರ ಜೊತೆ ಸೇರಿಕೊಂಡರು. ಅದರ ಮೇಲೆ, ತಾಯಂದಿರೂ ಆ ಅವಧಿಯಲ್ಲಿ ವೈರಾಣುವಿಗೆ ಒಡ್ಡಿಕೊಳ್ಳದ್ದರಿಂದ ಗರ್ಭದಲ್ಲೇ ಮಗುವಿಗೆ ದಾಟಬೇಕಾದ ಪ್ರತಿಕಾಯಗಳೂ ತಗ್ಗಿದ್ದವು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ರಕ್ತದ ಮಾದರಿಗಳನ್ನು ಅಳೆದಾಗ ಈ ಇಳಿಕೆ ಸ್ಪಷ್ಟವಾಗಿ ಕಂಡಿತು. ಹೀಗೆ ಸೋಂಕಿಗೆ ಪಕ್ಕಾಗಬಲ್ಲ ಮಕ್ಕಳ ಸಂಖ್ಯೆ ಬೆಳೆಯುತ್ತಿರುವುದನ್ನು ಗಮನಿಸಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದೆ ದೊಡ್ಡ ಅಲೆ ಬರುತ್ತದೆಂದು 2020ರಲ್ಲೇ ಲೆಕ್ಕ ಹಾಕಿದ್ದರು. ‘ಇಮ್ಯುನಿಟಿ ಡೆಟ್’, ಅಂದರೆ ರೋಗನಿರೋಧಕತೆಯ ಸಾಲ, ಎಂಬ ಹೆಸರನ್ನು ಫ್ರಾನ್ಸ್‌ನ ಮಕ್ಕಳ ವೈದ್ಯರು 2021ರಲ್ಲಿ ಚಲಾವಣೆಗೆ ತಂದರು.

ಆದರೆ ಆ ವೈದ್ಯರು ಹೇಳಿದ್ದು ಒಂದು ಇಡೀ ಸಮುದಾಯದ ಲೆಕ್ಕ, ಯಾವುದೇ ಒಂದು ಮಗುವಿನ ದೇಹಬಲದ ಲೆಕ್ಕವಲ್ಲ. ಒಂದು ವರ್ಷ ಶಾಲೆಗೆ ಪ್ರವೇಶವೇ ನಡೆಯಲಿಲ್ಲ ಎಂದುಕೊಳ್ಳಿ. ಮರುವರ್ಷ ಎರಡೂ ವರ್ಷಗಳಲ್ಲಿ ಸೇರಬೇಕಿದ್ದ ಮಕ್ಕಳು ಒಟ್ಟಿಗೆ ಒಂದನೇ ತರಗತಿಗೆ ಬರುತ್ತಾರೆ. ಕೊಠಡಿ ಕಿಕ್ಕಿರಿಯುತ್ತದೆ, ಬೆಂಚು ಸಾಲುವುದಿಲ್ಲ, ಮೇಷ್ಟರು ಹೈರಾಣಾಗುತ್ತಾರೆ. ಅಷ್ಟಕ್ಕೇ ಮಕ್ಕಳು ದಡ್ಡರಾದರು ಎಂದು ಯಾರೂ ಹೇಳುವುದಿಲ್ಲ. ಕೋವಿಡ್ ನಂತರದ ಮಕ್ಕಳ ವಾರ್ಡ್‌ಗಳಲ್ಲಿ ಆದದ್ದೂ ಇಂಥದ್ದೇ. ಹಾಸಿಗೆಗಳು ಸಾಲದೆ ಹೋದದ್ದು ನಿಜವಾದ ಸಂಕಟ. ಅದನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಆ ಸಂಕಟದ ಹೊಣೆಯನ್ನು ಮಗುವಿನ ‘ಕುಂದಿದ ಶಕ್ತಿ’ಯ ಮೇಲೆ ಹೊರಿಸುವುದು ಸರಿಯಲ್ಲ.

ಕೊರೊನಾ ಸೋಂಕೇ ಮಕ್ಕಳ ನಿರೋಧಕ ವ್ಯವಸ್ಥೆಯನ್ನು ಕೆಡಿಸಿದ್ದರಿಂದ ಈ ಅಲೆಗಳು ಬಂದವು ಎಂಬ ಎದುರುವಾದವೂ ಇದೆ. ಇದರಿಂದಲೇ ಎಲ್ಲವನ್ನೂ ವಿವರಿಸಲು ಹೊರಟರೆ ಪಶ್ಚಿಮ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಅಡ್ಡಬರುತ್ತವೆ. ಅಲ್ಲಿ ಆರ್‌ಎಸ್‌ವಿ ಅಬ್ಬರಿಸಿದಾಗ ಅಲ್ಲಿನ ಮಕ್ಕಳಲ್ಲಿ ಕೋವಿಡ್ ಬಂದವರು ಹುಡುಕಿದರೂ ಸಿಗುತ್ತಿರಲಿಲ್ಲ.

ಈಗ ಅಪಾಯಕಾರಿಯಾದ ಉಳಿದರ್ಧಕ್ಕೆ ಬರುತ್ತೇನೆ. ‘ಸಾಲ’ ಎಂದೊಡನೆ ಅದನ್ನು ಬೇಗ ತೀರಿಸುವುದೇ ಒಳ್ಳೆಯದೆಂಬ ಭಾವನೆ ಬರುತ್ತದೆ. ಮಗುವಿಗೆ ಎಳವೆಯಲ್ಲೇ ನಾಲ್ಕಾರು ಸೋಂಕು ತಗಲಲಿ, ಗಟ್ಟಿಯಾಗುತ್ತದೆ ಎಂಬ ಬುದ್ಧಿವಾದ ಅಲ್ಲಿಂದಲೇ ಹುಟ್ಟುತ್ತದೆ. ಆರ್‌ಎಸ್‌ವಿಯ ಮಟ್ಟಿಗೆ ಇದು ತಲೆಕೆಳಗಾದ ತರ್ಕ. ಈ ವೈರಾಣು ಶ್ವಾಸಕೋಶದ ಅತಿ ಸಣ್ಣ ಗಾಳಿನಾಳಗಳಲ್ಲಿ ಊತ ತಂದು, ಸತ್ತ ಜೀವಕೋಶ ಮತ್ತು ಲೋಳೆಯಿಂದ ಅವನ್ನು ಕಟ್ಟಿಹಾಕುತ್ತದೆ. ಇದನ್ನೇ ನಾವು ಬ್ರಾಂಕಿಯೋಲೈಟಿಸ್ ಎನ್ನುತ್ತೇವೆ. ನಾಳದ ಒಳ ಅಗಲ ಅರ್ಧಕ್ಕಿಳಿದರೆ ಗಾಳಿ ಹರಿಯಲು ಎದುರಾಗುವ ತಡೆ ಎರಡು ಪಟ್ಟಲ್ಲ, ಹದಿನಾರು ಪಟ್ಟಾಗುತ್ತದೆ. ದೊಡ್ಡವರ ಗಾಳಿನಾಳಕ್ಕೆ ಲೆಕ್ಕಕ್ಕೇ ಬಾರದಷ್ಟು ಊತವು ಎರಡು ತಿಂಗಳ ಕೂಸಿನ ಉಸಿರನ್ನೇ ಹಿಡಿಯಬಲ್ಲದು. 2019ನೇ ಸಾಲಿಗೆ ಮಾಡಿದ ಅಂದಾಜಿನಂತೆ ಜಗತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಈ ವೈರಾಣುವಿನಿಂದ ಶ್ವಾಸಕೋಶದ ಸೋಂಕು ಬಂದ ಪ್ರಕರಣಗಳು ಸುಮಾರು 3.3 ಕೋಟಿ, ಆಸ್ಪತ್ರೆ ಸೇರಿದವು ಸುಮಾರು 36 ಲಕ್ಷ, ಸಾವು ಒಂದು ಲಕ್ಷಕ್ಕೂ ಹೆಚ್ಚು. ಆ ಸಾವುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಆರು ತಿಂಗಳು ತುಂಬದ ಶಿಶುಗಳದ್ದು. ಅಂದಮೇಲೆ ಮೊದಲ ಆರು ತಿಂಗಳಲ್ಲಿ ತಗಲಬೇಕಿದ್ದ ಸೋಂಕು ಒಂದೂವರೆ ವರ್ಷಕ್ಕೆ ತಗಲಿದರೆ ಆ ಮಗುವಿಗೆ ಅದು ನಷ್ಟವಲ್ಲ, ಲಾಭ. ಪಶ್ಚಿಮ ಆಸ್ಟ್ರೇಲಿಯಾದ ಆ ಅಕಾಲಿಕ ಅಲೆಯಲ್ಲಿ ಸೋಂಕಿತ ಮಕ್ಕಳ ನಟ್ಟನಡುವಿನ ವಯಸ್ಸು (ಮೀಡಿಯನ್) 18 ತಿಂಗಳು ದಾಟಿತ್ತು. ಹಿಂದಿನ ವರ್ಷಗಳಲ್ಲಿ ಅದು ಸುಮಾರು ಏಳರಿಂದ ಹನ್ನೆರಡು ತಿಂಗಳಿರುತ್ತಿತ್ತು. ಅಷ್ಟಕ್ಕೂ ಒಮ್ಮೆ ಬಂದ ಆರ್‌ಎಸ್‌ವಿ ಶಾಶ್ವತ ರಕ್ಷಣೆಯನ್ನೇನೂ ಕೊಡುವುದಿಲ್ಲ. ಜೀವಮಾನವಿಡೀ ಮತ್ತೆ ಮತ್ತೆ ತಗಲುತ್ತಲೇ ಇರುತ್ತದೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಇನ್ನೊಂದು ಸಂಗತಿ ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ. ಮಕ್ಕಳ ನ್ಯುಮೋನಿಯಾಕ್ಕೆ ಮುಖ್ಯ ಕಾರಣವಾದ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತ ಮಕ್ಕಳ ಮೂಗು–ಗಂಟಲಿನಲ್ಲಿ ಸುಮ್ಮನೆ ಇದ್ದುಬಿಡುತ್ತದೆ. ಕೋವಿಡ್‌ನ ಮೊದಲ ವರ್ಷ ಇಸ್ರೇಲ್‌ನ ಮಕ್ಕಳಲ್ಲಿ ಅದು ಮೂಗಿನಲ್ಲಿ ಹೆಚ್ಚುಕಡಿಮೆ ಎಂದಿನಷ್ಟೇ ಇತ್ತು. ಆದರೂ ಅದರಿಂದ ಬರುವ ತೀವ್ರ ಕಾಯಿಲೆಗಳು ಬಹಳಷ್ಟು ಇಳಿದವು. ಬ್ಯಾಕ್ಟೀರಿಯಾ ಇದ್ದಲ್ಲೇ ಇತ್ತು. ಇಲ್ಲದೇ ಹೋದದ್ದು ಆರ್‌ಎಸ್‌ವಿ, ಫ್ಲೂ, ಮೆಟಾನ್ಯುಮೋ ವೈರಾಣುಗಳು. ಮೊದಲು ವೈರಾಣು ಬಂದು ಶ್ವಾಸನಾಳದ ಒಳಪದರವನ್ನು ಹಾಳುಗೆಡವಿದರೆ ಮಾತ್ರ ಬ್ಯಾಕ್ಟೀರಿಯಾ ಕೆಳಗಿಳಿಯಲು ದಾರಿ ಸುಲಭವಾಗುತ್ತದೆಂಬ ಹಳೆಯ ಅನುಮಾನಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಯಾವ ಪ್ರಯೋಗಾಲಯದಲ್ಲೂ ಸಿಗುತ್ತಿರಲಿಲ್ಲ. ವೈರಾಣುಗಳನ್ನು ತಡೆಯುವುದು ಆ್ಯಂಟಿಬಯೋಟಿಕ್‌ಗಳ ಬಳಕೆಯನ್ನು ತಗ್ಗಿಸುವ ದಾರಿಯೂ ಹೌದೆಂದು ಇದರಿಂದ ತಿಳಿಯಬೇಕು. ಮುಂದೆ 2022ರ ಕೊನೆಯಲ್ಲಿ ಯುರೋಪಿನ ಹಲವು ದೇಶಗಳಲ್ಲಿ ಸ್ಟ್ರೆಪ್ಟೊಕಾಕಸ್ ಗಂಟಲು ಸೋಂಕು, 2023ರ ಕೊನೆಯಲ್ಲಿ ಮೈಕೊಪ್ಲಾಸ್ಮಾ ನ್ಯುಮೋನಿಯಾ ಹೆಚ್ಚಿದವು. ಎಲ್ಲರಿಗಿಂತ ತಡವಾಗಿ ಮರಳಿದ್ದು ಈ ಎರಡನೆಯದು.

ಪತ್ರಿಕೆಗಳಲ್ಲಿ ಒಂದು ಮನವಿ. 2025ರ ಜನವರಿಯಲ್ಲಿ ಎಚ್‌ಎಂಪಿವಿ, ಅಂದರೆ ಮೇಲೆ ಹೇಳಿದ ಮೆಟಾನ್ಯುಮೋ ವೈರಾಣುವಿನ ಕುರಿತ ಸುದ್ದಿಗಳು ಹಬ್ಬಿದಾಗ ಅದನ್ನು ‘ಹೊಸ ವೈರಸ್’ ಎಂದು ಕರೆದ ಶೀರ್ಷಿಕೆಗಳನ್ನು ನಾನು ಕಂಡೆ. ಅದನ್ನು ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಗುರುತಿಸಿದ್ದು 2001ರಲ್ಲಿ. ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಅದಕ್ಕೂ ದಶಕಗಳ ಹಿಂದಿನಿಂದ ಅದು ಮನುಷ್ಯರಲ್ಲಿದ್ದದ್ದು ತಿಳಿದುಬಂತು. ಇನ್ನೊಂದು ಎಚ್ಚರವೂ ಬೇಕು. ಒಂದೇ ಮಾದರಿಯಲ್ಲಿ ಹತ್ತಿಪ್ಪತ್ತು ವೈರಾಣುಗಳನ್ನು ಹುಡುಕುವ ಪಿಸಿಆರ್ ಪರೀಕ್ಷೆಗಳ ಬಳಕೆ ಕೋವಿಡ್ ಬಳಿಕ ಬಹಳ ಹೆಚ್ಚಿದೆ. ಹಿಂದೆ ‘ವೈರಲ್ ಜ್ವರ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಿದ್ದ ಕಾಯಿಲೆಗೆ ಈಗ ಹೆಸರು ಸಿಗುತ್ತಿದೆ. ಆದ್ದರಿಂದ ‘ಪ್ರಕರಣಗಳು ಮೂರು ಪಟ್ಟು’ ಎಂದು ಬರೆಯುವಾಗ ಎಷ್ಟು ಮಾದರಿಗಳನ್ನು ಪರೀಕ್ಷಿಸಲಾಯಿತು, ಅವುಗಳಲ್ಲಿ ಶೇಕಡ ಎಷ್ಟರಲ್ಲಿ ಸೋಂಕು ಕಂಡಿತು, ಆಸ್ಪತ್ರೆ ಸೇರಿದವರೆಷ್ಟು ಎಂಬುದನ್ನೂ ಮುದ್ರಿಸಿದರೆ ಓದುಗರಿಗೆ ಉಪಕಾರವಾಗುತ್ತದೆ.

ಆರೋಗ್ಯ ಇಲಾಖೆಗಳ ಮುಂದಿರುವ ಕೆಲಸ ಇದಕ್ಕಿಂತ ದೊಡ್ಡದು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಆರ್‌ಎಸ್‌ವಿ ವಿರುದ್ಧ 1998ರಿಂದ ಬಳಕೆಯಲ್ಲಿದ್ದ ಪಲಿವಿಜುಮ್ಯಾಬ್ ಎಂಬ ಪ್ರತಿಕಾಯದ ಚುಚ್ಚುಮದ್ದನ್ನು ಋತು ಆರಂಭವಾಗುವ ತಿಂಗಳು ನೋಡಿ, ತಿಂಗಳಿಗೊಮ್ಮೆ ಕೊಡಲಾಗುತ್ತಿತ್ತು. 2021ರ ಬೇಸಿಗೆಯಲ್ಲಿ ವೈರಾಣು ತಿಂಗಳು ತಪ್ಪಿ ಬಂದಾಗ ಆ ವೇಳಾಪಟ್ಟಿಯೇ ಕೈಕೊಟ್ಟಿತು. ಋತುವಲ್ಲದ ಋತುವಿನಲ್ಲೂ ಕೊಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸೂಚಿಸಬೇಕಾಯಿತು. ಈಗ ಒಂದೇ ಡೋಸ್‌ನಲ್ಲಿ ತಿಂಗಳುಗಟ್ಟಲೆ ರಕ್ಷಣೆ ಕೊಡುವ ನಿರ್ಸೆವಿಮ್ಯಾಬ್ ಎಂಬ ಪ್ರತಿಕಾಯದ ಚುಚ್ಚುಮದ್ದು ಇದೆ, ಗರ್ಭಿಣಿಯರಿಗೆ ಕೊಟ್ಟು ಮಗುವನ್ನು ಕಾಯುವ ಲಸಿಕೆಯೂ 2023ರಿಂದ ಇದೆ. ಸ್ಪೇನ್‌ನ ಗಲಿಸಿಯಾ ಪ್ರಾಂತ್ಯದಲ್ಲಿ ನಿರ್ಸೆವಿಮ್ಯಾಬ್ ಅನ್ನು ಬಹುತೇಕ ಎಲ್ಲ ಶಿಶುಗಳಿಗೂ ಕೊಟ್ಟ ಮೊದಲ ಚಳಿಗಾಲದಲ್ಲಿ ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವ ಪ್ರಮಾಣ ಶೇ 80ಕ್ಕೂ ಹೆಚ್ಚು ಇಳಿಯಿತು. ಸೋಂಕಿಲ್ಲದೆಯೇ ರಕ್ಷಣೆ ಪಡೆಯುವ ದಾರಿ ಹೀಗೆ ತೆರೆದಿರುವಾಗ ‘ತಗಲಿಸಿಕೊಂಡೇ ಗಟ್ಟಿಯಾಗಲಿ’ ಎನ್ನುವುದಕ್ಕೆ ಅರ್ಥವಿಲ್ಲ. ಆದರೆ ಈ ವೈರಾಣುವಿನಿಂದ ಸಾಯುವ ಮಕ್ಕಳಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು, ಮದ್ದು ಮೊದಲು ತಲುಪಿದ್ದು ಶ್ರೀಮಂತ ದೇಶಗಳಿಗೆ. ಈ ಚುಚ್ಚುಮದ್ದು ಅಥವಾ ಗರ್ಭಿಣಿಯರ ಲಸಿಕೆ, ಎರಡರಲ್ಲಿ ಒಂದನ್ನಾದರೂ ಎಲ್ಲ ದೇಶಗಳು ಅಳವಡಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಶಿಫಾರಸು ಮಾಡಿದೆ. ಯಾವ ತಿಂಗಳಲ್ಲಿ ಕೊಡಬೇಕೆಂದು ನಿರ್ಧರಿಸಲು ವರ್ಷವಿಡೀ ವೈರಾಣುಗಳ ಮೇಲೆ ಕಣ್ಣಿಡುವ ವ್ಯವಸ್ಥೆ ಬೇಕು. ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕಾಗದೆಂಬುದು ಈಗಾಗಲೇ ಸಾಬೀತಾಗಿದೆ.

ಶಾಲೆಗಳು ಪೂರ್ಣ ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿಯನ್ನು ಮೊದಲು ಕೈಬಿಡಲಿ. ಜ್ವರದ ಮಗುವಿಗೆ ಮಾತ್ರೆ ನುಂಗಿಸಿ ತರಗತಿಗೆ ಕಳುಹಿಸಲು ಅದಕ್ಕಿಂತ ದೊಡ್ಡ ಪ್ರಚೋದನೆ ಇನ್ನೊಂದಿಲ್ಲ. ಆ ಮಗುವಿಗೆ ಬರೀ ನೆಗಡಿಯಾದದ್ದು ಮನೆಯಲ್ಲಿರುವ ತಮ್ಮನಿಗೋ ತಂಗಿಗೋ ಆಸ್ಪತ್ರೆಯ ದಾರಿಯಾಗಬಹುದು. ಹಸುಗೂಸಿಗೆ ಕೆಮ್ಮು ಬಂದಾಗ ಪರೀಕ್ಷೆಯ ವರದಿಯಲ್ಲಿ ಯಾವ ವೈರಾಣುವಿನ ಹೆಸರಿದೆ ಎಂಬುದಕ್ಕಿಂತ ಉಸಿರಾಟವನ್ನು ಗಮನಿಸುವುದು ಮುಖ್ಯ. ಉಸಿರು ವೇಗವಾಗಿದ್ದು ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಹಾಲು ಕುಡಿಯುವುದು ಎಂದಿನ ಅರ್ಧಕ್ಕಿಳಿದಿದ್ದರೆ, ತುಟಿ ನೀಲಿಗಟ್ಟಿದ್ದರೆ ಅಥವಾ ಉಸಿರು ನಡುನಡುವೆ ನಿಂತಂತಾಗುತ್ತಿದ್ದರೆ, ಅದು ಯಾವ ತಿಂಗಳೇ ಆಗಿರಲಿ, ಬೆಳಗಾಗುವವರೆಗೆ ಕಾಯದೆ ಕೂಸನ್ನು ಆಸ್ಪತ್ರೆಗೆ ಕರೆತರಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮಕ್ಕಳ ವೈದ್ಯೆ