ಸಂಶೋಧನಾ ಕೇಂದ್ರದ ಕೆಲಸ ಅಲ್ಲಿಯೇ ಓದುವ ಮಕ್ಕಳಿಗೆ ಸಿಗಲಿ

ಮಾನ್ಯ ಸಂಪಾದಕರೇ,

ಸ್ನಾತಕೋತ್ತರ ಪ್ರವೇಶದ ಸಮಯ ಬಂತೆಂದರೆ ನಮ್ಮ ಭಾಗದ ವಿಶ್ವವಿದ್ಯಾಲಯಗಳು ಶುಲ್ಕ, ಸೀಟು, ಹಾಸ್ಟೆಲ್‌ಗಳ ಕುರಿತು ಪ್ರಕಟಣೆ ಹೊರಡಿಸುತ್ತವೆ. ಓದುತ್ತಲೇ ಆವರಣದೊಳಗೆ ಒಂದಿಷ್ಟು ದುಡಿದುಕೊಳ್ಳಲು ವಿದ್ಯಾರ್ಥಿಗೆ ಏನು ಅವಕಾಶವಿದೆ ಎಂಬ ಮಾತು ಆ ಪ್ರಕಟಣೆಗಳಲ್ಲಿ ಕಾಣುವುದು ಅಪರೂಪ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಈ ಮೂರೂ ತಮ್ಮ ಸಂಶೋಧನಾ ಕೇಂದ್ರಗಳ ದೈನಂದಿನ ಕೆಲಸದ ಒಂದು ಪಾಲನ್ನು ತಮ್ಮ ವಿದ್ಯಾರ್ಥಿಗಳಿಗೇ ಅರೆಕಾಲಿಕ ಕೆಲಸವಾಗಿ, ಲಿಖಿತ ನಿಯಮದ ಮೇಲೆ, ಸಂಬಳ ಕೊಟ್ಟು ವಹಿಸಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಓದಲು ಬರುವ ಹುಡುಗರಲ್ಲಿ ಅನೇಕರು ಸಂಜೆ ಪೆಟ್ರೋಲ್ ಬಂಕಿನಲ್ಲಿ, ಮೊಬೈಲ್ ಅಂಗಡಿಯಲ್ಲಿ, ಮದುವೆ ಸೀಜನ್ನಿನಲ್ಲಿ ಕಲ್ಯಾಣ ಮಂಟಪಗಳಲ್ಲಿ ಬಡಿಸುವ ಕೆಲಸದಲ್ಲಿ ದುಡಿಯುತ್ತಾರೆ. ಯಾವ ದುಡಿಮೆಯೂ ಕೀಳಲ್ಲ, ಆದರೆ ರಾತ್ರಿ ಹನ್ನೆರಡಕ್ಕೆ ಮಲಗಿದವನು ಬೆಳಿಗ್ಗೆ ತರಗತಿಯಲ್ಲಿ ಏನನ್ನು ಗ್ರಹಿಸಿಯಾನು? ಹೆಣ್ಣುಮಕ್ಕಳಿಗಂತೂ ಆ ದಾರಿಯೂ ಇಲ್ಲ. ಕತ್ತಲಾಗುವುದರೊಳಗೆ ಹಾಸ್ಟೆಲ್ ಅಥವಾ ಮನೆ ಸೇರಲೇಬೇಕು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಅವರ ಬಸ್ ಖರ್ಚು ತಪ್ಪಿತು. ಮೆಸ್ ಬಿಲ್ಲು, ಪರೀಕ್ಷಾ ಶುಲ್ಕ, ಪುಸ್ತಕ, ಝೆರಾಕ್ಸ್ ಹಾಗೆಯೇ ಉಳಿದಿವೆ. ಯುವನಿಧಿಯ 3,000 ರೂಪಾಯಿ ಕೆಲಸವಿಲ್ಲದ ಪದವೀಧರರಿಗೆ ಮೀಸಲು, ಮುಂದೆ ಓದುವವರಿಗೆ ಅದು ಸಿಗುವುದಿಲ್ಲ. ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದ ಸಂಶೋಧಕರಿಗೆ ತಿಂಗಳಿಗೆ 37,000 ರೂಪಾಯಿ ಇದೆ, ಅದು ಕೆಲವರ ಪಾಲಿನದು. ಇವೆರಡರ ನಡುವೆ ನಿಂತಿರುವ ಎಂ.ಎ., ಎಂ.ಎಸ್ಸಿ. ವಿದ್ಯಾರ್ಥಿಗೆ ವಿದ್ಯಾರ್ಥಿವೇತನವೊಂದೇ ಆಸರೆ, ಮತ್ತು ಅದು ತಿಂಗಳ ಖರ್ಚಿನ ವೇಳೆಗೆ ಸರಿಯಾಗಿ ಕೈಗೆ ಬರುವಂಥದ್ದಲ್ಲ.

ಕೆಲಸವಾದರೂ ಎಲ್ಲಿದೆ ಎಂದು ಕೇಳುವವರು ಹಸ್ತಪ್ರತಿ ವಿಭಾಗವೊಂದರಲ್ಲಿ ಅರ್ಧ ದಿನ ಕೂತು ನೋಡಬೇಕು. ಫ.ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಯ ಓಲೆಕಟ್ಟುಗಳನ್ನು ಕೂಡಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿ, ವಚನಗಳನ್ನು ಬೆಳಕಿಗೆ ತಂದ ಜಿಲ್ಲೆ ನಮ್ಮ ವಿಜಯಪುರ. ಒಂದು ಓಲೆಕಟ್ಟನ್ನು ಓದುವ ಸ್ಥಿತಿಗೆ ತರಬೇಕೆಂದರೆ ಗರಿ ಸೀಳದಂತೆ ದಾರ ಬಿಚ್ಚಬೇಕು, ಮೆತ್ತನೆಯ ಕುಂಚದಿಂದ ಒಂದೊಂದೇ ಗರಿಯ ಧೂಳು ತೆಗೆಯಬೇಕು, ನಿಂಬೆಹುಲ್ಲಿನ ಎಣ್ಣೆ ಸವರಬೇಕು, ಕೊರೆದ ಅಕ್ಷರ ಮಾಸಿದ್ದರೆ ಮಸಿ ಲೇಪಿಸಿ ಮೇಲ್ಮೈಯನ್ನು ಒರೆಸಬೇಕು. ಆಮೇಲೆ ಗರಿಗಳ ಸಂಖ್ಯೆ, ಪ್ರತಿ ಗರಿಯ ಸಾಲುಗಳು, ಕೃತಿಯ ಮೊದಲ ಮತ್ತು ಕೊನೆಯ ವಾಕ್ಯ ಬರೆದುಕೊಂಡು ಸ್ಕ್ಯಾನ್ ಮಾಡಬೇಕು. ಪದ ಪದಗಳ ನಡುವೆ ಅಂತರವಿಲ್ಲದೆ ಸಾಲುದ್ದಕ್ಕೂ ಕೂಡಿಕೊಂಡ ಆ ಬರಹವನ್ನು ಬಿಡಿಸಿ ಓದಲು ಕಲಿತ ಕನ್ನಡ ಎಂ.ಎ. ವಿದ್ಯಾರ್ಥಿನಿಗೆ ಗ್ರಂಥಸಂಪಾದನೆಯ, ಅಂದರೆ ಹಳೆಯ ಪ್ರತಿಗಳನ್ನು ಹೋಲಿಸಿ ಶುದ್ಧಪಾಠ ಸಿದ್ಧಪಡಿಸುವ ವಿದ್ಯೆಯ ಪಾಠ ಬೇರೆ ರೀತಿಯಲ್ಲೇ ತಿಳಿಯುತ್ತದೆ. ಇದನ್ನು ಹೊರಗುತ್ತಿಗೆ ಸಂಸ್ಥೆಯ ಡೇಟಾ ಎಂಟ್ರಿಯವರಿಗೆ ಕೊಟ್ಟರೆ ಸ್ಕ್ಯಾನ್ ಆದೀತೇ ಹೊರತು ಓದುವವರು ಹುಟ್ಟಲಾರರು.

ತೋಟಗಾರಿಕೆಯಲ್ಲೂ ಅಷ್ಟೇ. ತಿಕೋಟಾ, ಬಬಲೇಶ್ವರ ಕಡೆ ಏಪ್ರಿಲ್ ಚಾಟ್ನಿಯಾಗಿ (ಬಳ್ಳಿ ಸವರಿ) ಸುಮಾರು 45 ದಿನವಾದಾಗ ದ್ರಾಕ್ಷಿಯ ಎಲೆತೊಟ್ಟುಗಳ ಪರೀಕ್ಷೆ ಆಗಬೇಕು. ತೊಟ್ಟನ್ನು ಎಲೆಯಿಂದ ಕೂಡಲೇ ಬೇರ್ಪಡಿಸಿ, ತೊಳೆದು, ಓವನ್ನಿನಲ್ಲಿ ಒಣಗಿಸಿ, ಪುಡಿಮಾಡಿ, ರೈತನ ಹೆಸರು ಮತ್ತು ತೋಟದ ಚೀಟಿ ತಪ್ಪದಂತೆ ಇಡಬೇಕು. ಚೀಟಿ ಅದಲುಬದಲಾದರೆ ಒಬ್ಬನ ತೋಟದ ಗೊಬ್ಬರದ ಶಿಫಾರಸು ಇನ್ನೊಬ್ಬನ ಕೈಸೇರುತ್ತದೆ. ಮಾದರಿಗಳು ಬಂದು ಬೀಳುವ ಆ ಕೆಲವು ವಾರಗಳಿಗೆ ಕಾಯಂ ಸಿಬ್ಬಂದಿಯನ್ನು ನೇಮಿಸಲು ಯಾರಿಂದಲೂ ಆಗದು. ತರಬೇತಿ ಪಡೆದ ವಿದ್ಯಾರ್ಥಿಗಳಿಂದ ಆಗುತ್ತದೆ.

ಈಗಲೂ ವಿದ್ಯಾರ್ಥಿಗಳು ಇಂಥ ಕೆಲಸ ಮಾಡುತ್ತಿಲ್ಲವೆಂದಲ್ಲ. ಅನುಭವ ಆಗುತ್ತದೆ ಎಂಬ ಮಾತಿನ ಮೇಲೆ ಬಿಟ್ಟಿಯಾಗಿ ಮಾಡುತ್ತಾರೆ. ಹಣ ಕೊಡುವುದಾಗಿ ಹೇಳಿದ್ದ, ನನಗೆ ಗೊತ್ತಿರುವ ಒಂದು ಕೇಂದ್ರದಲ್ಲಿ ಸಮೀಕ್ಷೆಗಾಗಿ ಬೇಸಿಗೆಯಿಡೀ ಹಳ್ಳಿ ತಿರುಗಿದ ವಿದ್ಯಾರ್ಥಿಗಳಿಗೆ, ಹಿಂದಿನ ಕಂತಿನ ಹಣ ಖರ್ಚಾದ ಬಗೆ ತಿಳಿಸುವ ಬಳಕೆ ಪ್ರಮಾಣಪತ್ರ ಹೋಗಿಲ್ಲ, ಅನುದಾನ ಬಂದಿಲ್ಲ ಎಂದು ಹೇಳುತ್ತಾ ಹೋದರು. ಕೊನೆಗೆ ಹಣ ಬಂದಾಗ ಆ ಮಕ್ಕಳು ಕೋರ್ಸು ಮುಗಿಸಿ ಊರು ಸೇರಿದ್ದರು. ಲೆಕ್ಕಪತ್ರದ ವಿಳಂಬಕ್ಕೆ ಕೂಲಿ ಮಾಡಿದವನು ಏಕೆ ಕಾಯಬೇಕು?

ಓದಿನ ಜೊತೆ ದುಡಿಮೆ ನಮಗೆ ಅಪರಿಚಿತವೇನಲ್ಲ. ವಾರಾನ್ನ ಉಂಡು, ಮಠದ ಪ್ರಸಾದ ನಿಲಯದಲ್ಲಿದ್ದು ಕಲಿತವರ ನಾಡು ಇದು. ಪಕ್ಕದ ಸಾತಾರಾದಲ್ಲಿ ಕರ್ಮವೀರ ಭಾವೂರಾವ್ ಪಾಟೀಲರು, 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದವರು, ದುಡಿಯುತ್ತಾ ಕಲಿಯುವ ಪದ್ಧತಿಯನ್ನು ರೂಢಿಗೆ ತಂದರು. ಪುಣೆ ವಿಶ್ವವಿದ್ಯಾಲಯದಲ್ಲಿ ‘ಕಮವಾ ವ ಶಿಕಾ’ (ಗಳಿಸಿ, ಕಲಿಯಿರಿ) ಯೋಜನೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಅಮೆರಿಕದಲ್ಲಿ 1964ರ ಕಾಯ್ದೆಯೊಂದರ ಮೂಲಕ ಬಡ ವಿದ್ಯಾರ್ಥಿಗಳ ಇಂಥ ಸಂಬಳದ ದೊಡ್ಡ ಪಾಲನ್ನು ಒಕ್ಕೂಟ ಸರ್ಕಾರವೇ ಭರಿಸುತ್ತದೆ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ನಮ್ಮವರ ಮಕ್ಕಳು ಅಲ್ಲಿಗೆ ಹೋದಾಗ ಆ ಯೋಜನೆ ಅವರಿಗೆ ಅನ್ವಯಿಸದಿದ್ದರೂ ತರಗತಿಗಳು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಯವರೆಗೆ ಆವರಣದಲ್ಲಿ ದುಡಿಯಬಹುದು. ಗ್ರಂಥಾಲಯದಲ್ಲಿ, ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದಾರೆಂದು ಹೆತ್ತವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅದೇ ಕೆಲಸಕ್ಕೆ ಮಹಿಳಾ ವಿಶ್ವವಿದ್ಯಾಲಯದ ತೊರವಿಯಲ್ಲೋ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಭೂತರಾಮನಹಟ್ಟಿಯಲ್ಲೋ ಅದೇ ಗೌರವ ಸಿಗಬಾರದೇಕೆ?

ಓದು ಹಾಳಾಗುತ್ತದೆ ಎಂಬ ಆಕ್ಷೇಪಕ್ಕೆ ಗಂಟೆಗಳ ಮಿತಿಯೇ ಉತ್ತರ. ವಾರಕ್ಕೆ 12ರಿಂದ 15 ಗಂಟೆ ಸಾಕು, ಪರೀಕ್ಷೆಯ ವಾರಗಳಲ್ಲಿ ಕಡ್ಡಾಯ ಬಿಡುವಿರಲಿ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಅಗ್ಗಕ್ಕೆ ಸಿಗುವ ವಿದ್ಯಾರ್ಥಿಗಳನ್ನು ತೋರಿಸಿ ವರ್ಷಗಳಿಂದ ದುಡಿಯುತ್ತಿರುವ ತಾತ್ಕಾಲಿಕ ನೌಕರರನ್ನು ಬಿಡಿಸಬಹುದು. ಈ ಭಯ ನ್ಯಾಯವಾದದ್ದು. ಆದ್ದರಿಂದ ಮಂಜೂರಾದ ಯಾವ ಹುದ್ದೆಯ ಕೆಲಸಕ್ಕೂ ವಿದ್ಯಾರ್ಥಿಗಳನ್ನು ಬಳಸುವಂತಿಲ್ಲ ಎಂದು ನಿಯಮದಲ್ಲೇ ಬರೆಯಬೇಕು, ಗಂಟೆಯ ದರ ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆ ಇರಬಾರದು. ಖಾಲಿ ಇರುವ ಕೆಲಸದ ವಿವರ ವಿಭಾಗದ ಸೂಚನಾ ಫಲಕದಲ್ಲಿ ಬಹಿರಂಗವಾಗಿ ಹಾಕಬೇಕು. ಮಾರ್ಗದರ್ಶಕರಿಗೆ ಬೇಕಾದವರನ್ನು ಬಾಯಿಮಾತಿನಲ್ಲಿ ಕರೆದುಕೊಳ್ಳುವುದು, ಕರೆದುಕೊಂಡವರಿಂದ ಮನೆಗೆಲಸ ಮಾಡಿಸುವುದು ನಿಲ್ಲಬೇಕು. ಹಸ್ತಪ್ರತಿಗಳ ಸೂಚಿಯಲ್ಲಾಗಲಿ ಸಂಶೋಧನಾ ವರದಿಯಲ್ಲಾಗಲಿ ದುಡಿದ ವಿದ್ಯಾರ್ಥಿಯ ಹೆಸರು ಮುದ್ರಣವಾಗಬೇಕು.

ಹಣದ ವಿಷಯದಲ್ಲಿ ನನ್ನ ಸಲಹೆ ಇಷ್ಟೇ. ಪ್ರತಿ ವಿಶ್ವವಿದ್ಯಾಲಯ ತನ್ನ ಆಂತರಿಕ ಸಂಪನ್ಮೂಲದಿಂದ ಒಂದು ಮುಂಗಡ ನಿಧಿ ತೆಗೆದಿಡಲಿ. ಹಾಜರಿ ಪುಸ್ತಕದ ಆಧಾರದ ಮೇಲೆ ಪ್ರತಿ ತಿಂಗಳ 10ರೊಳಗೆ ವಿದ್ಯಾರ್ಥಿಯ ಖಾತೆಗೆ ಆ ನಿಧಿಯಿಂದ ಹಣ ಜಮೆಯಾಗಲಿ. ಯೋಜನೆಯ ಅನುದಾನ ಬಂದ ಮೇಲೆ ನಿಧಿಗೆ ಮರುಭರ್ತಿ ಮಾಡಿಕೊಳ್ಳಲಿ. ಕುಲಪತಿಗಳು ಈ ವಿಷಯವನ್ನು ಮುಂದಿನ ಸಿಂಡಿಕೇಟ್ ಅಥವಾ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಗೆ ಸೇರಿಸಿ, ಮೊದಲ ಸೆಮಿಸ್ಟರ್ ಆರಂಭವಾಗುವುದರೊಳಗೆ ಒಂದೆರಡು ಕೇಂದ್ರಗಳಲ್ಲಾದರೂ ಜಾರಿಗೆ ತರಬೇಕೆಂದು ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಕಾಲೇಜು ಗ್ರಂಥಪಾಲಕ, ವಿಜಯಪುರ