ಮಳೆಗಾಲದ ಪಿ.ಟಿ. ಪಿರಿಯಡ್‌ಗೆ ಸ್ಮಾರ್ಟ್ ಕ್ಲಾಸ್ ಟಿವಿ ಬಿಟ್ಟುಕೊಡಿ

ಮಾನ್ಯ ಸಂಪಾದಕರೇ,

ಜೂನ್ ಬಂತೆಂದರೆ ನಮ್ಮ ಉತ್ತರ ಕನ್ನಡದ ಶಾಲೆಗಳಲ್ಲಿ ಪಿ.ಟಿ. ಪಿರಿಯಡ್ ಟೈಮ್ ಟೇಬಲ್‌ನಲ್ಲಿ ಮಾತ್ರ ಉಳಿಯುತ್ತದೆ. ಮೈದಾನದಲ್ಲಿ ನೀರು, ನೀರಿಳಿದ ಕಡೆ ಹಾವಸೆ. ಡಿಸಿಯವರು ರಜೆ ಕೊಟ್ಟ ದಿನ ಬಿಡಿ, ಶಾಲೆ ನಡೆದ ದಿನವೂ ಮಕ್ಕಳು ಬೆಂಚು ಬಿಟ್ಟು ಏಳುವುದಿಲ್ಲ. ಗಣಿತದ ಅಕ್ಕೋರು ಬಾಗಿಲಲ್ಲಿ ನಿಂತು "ಮಾಸ್ತರೇ, ಹೇಗೂ ಹೊರಗೆ ಹೋಗೋಕಾಗಲ್ಲ, ಪಿರಿಯಡ್ ನನಗೆ ಕೊಡಿ, ಪೋರ್ಷನ್ ಉಳಿದಿದೆ" ಎನ್ನುತ್ತಾರೆ. ಅವರದ್ದೂ ತಪ್ಪಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟ್ ಎಷ್ಟು ಬಂತು ಅಂತ ಊರೆಲ್ಲ ಕೇಳುತ್ತದೆ, ನಿಮ್ಮ ಮಕ್ಕಳು ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ನನ್ನನ್ನು ಯಾರೂ ಕೇಳಿದ್ದಿಲ್ಲ. ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಅಷ್ಟರಲ್ಲಿ ವಲಯ ಮಟ್ಟದ ಕ್ರೀಡಾಕೂಟ ಬಂದೇ ಬಿಡುತ್ತದೆ. ಅಷ್ಟು ದಿನ ಕೂತೇ ಇದ್ದ ಮಕ್ಕಳನ್ನು ಸೀದಾ ಕಬಡ್ಡಿ ಅಂಕಣಕ್ಕೆ ಇಳಿಸುತ್ತೇವೆ. ಆಮೇಲೆ ಯಾರದ್ದೋ ಕಾಲು ಉಳುಕಿತು ಅಂತ ಐಸ್ ಹುಡುಕಿಕೊಂಡು ಓಡುತ್ತೇವೆ.

ಈ ಪಿರಿಯಡ್ ಉಳಿಸಿಕೊಳ್ಳಲು ನನ್ನದೊಂದು ಸಲಹೆ ಇದೆ. ಕೇಳಿದರೆ ಕೆಲವರಿಗೆ ನಗು ಬರಬಹುದು, ಪಾಲಕರಿಗೆ ಸಿಟ್ಟೂ ಬರಬಹುದು. ಮಕ್ಕಳಿಗೆ ಆ ಹೊತ್ತಿನಲ್ಲಿ ವಿಡಿಯೋ ಗೇಮ್ ಆಡಿಸಿ.

ಮೂಲೆಯಲ್ಲಿ ಬಿದ್ದುಕೊಂಡು ಮೊಬೈಲಿನಲ್ಲಿ ಗುಂಡು ಹಾರಿಸುವ ಆಟದ ಮಾತು ಆಡುತ್ತಿಲ್ಲ. ಎದ್ದು ನಿಂತು, ಮೈ ವಾಲಿಸಿ, ಕಾಲು ಎತ್ತಿಟ್ಟು ಆಡಬೇಕಾದ ಆಟಗಳಿವೆ. ಇವೇನೂ ಹೊಸತಲ್ಲ. 1998ರಲ್ಲೇ ಜಪಾನಿನ ಕೊನಾಮಿ ಕಂಪನಿ, ಪರದೆಯಲ್ಲಿ ಬರುವ ಬಾಣಕ್ಕೆ ತಕ್ಕ ಹಾಗೆ ನೆಲದ ಮೇಲಿನ ಬಾಣ ತುಳಿಯುತ್ತ ಕುಣಿಯುವ ಆಟ ತಂದಿತ್ತು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ 2006ರಲ್ಲಿ ಅದನ್ನು ತನ್ನ ಸರ್ಕಾರಿ ಶಾಲೆಗಳ ಪಿ.ಟಿ.ಗೇ ತರಲು ಹೊರಟಿತು. 2007ರ ಕೊನೆಗೆ ನಿಂಟೆಂಡೊ ಕಂಪನಿ ಜಪಾನಿನಲ್ಲಿ, ಟಿವಿಗೆ ಜೋಡಿಸಿ ಆಡುವ ತನ್ನ ವೀ ಎಂಬ ಗೇಮ್ ಯಂತ್ರಕ್ಕೆ ವೀ ಫಿಟ್ ಎಂಬ ಆಟ ಬಿಟ್ಟಿತು, ಜೊತೆಗೆ ಬ್ಯಾಲೆನ್ಸ್ ಬೋರ್ಡ್ ಎಂಬ ಬಿಳಿ ಹಲಗೆ. 2010ರಲ್ಲಿ ಮೈಕ್ರೋಸಾಫ್ಟಿನ ಕಿನೆಕ್ಟ್ ಬಂತು, ಅದರಲ್ಲಿ ಹಲಗೆಯೂ ಬೇಡ, ಕ್ಯಾಮರಾನೇ ನಿಮ್ಮ ಕೈಕಾಲು ಎಲ್ಲಿದೆ ಅಂತ ಗುರುತಿಸುತ್ತದೆ.

ನಮ್ಮ ಶಾಲೆಗೆ ಬಂದದ್ದು ಆ ಬಿಳಿ ಹಲಗೆ. ದುಬೈಯಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬ, ತನ್ನ ಮಕ್ಕಳು ಆಡಿ ಬಿಟ್ಟ ಸೆಟ್ಟನ್ನು ರಜೆಯಲ್ಲಿ ಬಂದಾಗ ಕೊಟ್ಟು ಹೋದ. ಹಲಗೆಯ ನಾಲ್ಕು ಮೂಲೆಯಲ್ಲಿ ನಾಲ್ಕು ಸೆನ್ಸರ್ ಇವೆ. ನಾಲ್ಕು ಸೆಲ್ ಹಾಕಿ, ಬರಿಗಾಲಲ್ಲಿ ಹತ್ತಿ ನಿಂತರೆ ಸಾಕು, ಮೈಭಾರ ಯಾವ ಕಡೆ ಎಷ್ಟು ಬಿದ್ದಿದೆ ಅಂತ ಲೆಕ್ಕ ಹಾಕಿ ಪರದೆ ಮೇಲೆ ಒಂದು ಚುಕ್ಕೆಯಾಗಿ ತೋರಿಸುತ್ತದೆ. ನೀವು ವಾಲಿದರೆ ಚುಕ್ಕೆಯೂ ವಾಲುತ್ತದೆ. ನಿಮಗೇ ಗೊತ್ತಾಗದಷ್ಟು ಸಣ್ಣಗೆ ವಾಲಿದರೂ ಅದು ಬಿಡುವುದಿಲ್ಲ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಹತ್ತಿ ನಿಂತ. ಬೇಸಿಗೆ ರಜೆ ಮುಗಿಸಿ ಬರುವಾಗ ಪ್ಯಾಂಟು ಗಿಡ್ಡ ಆಗಿತ್ತು, ಅಷ್ಟು ಎತ್ತರ ಬೆಳೆದಿದ್ದ. ಎಡಕ್ಕೆ 57, ಬಲಕ್ಕೆ 43 ಅಂತ ತೋರಿಸಿತು. "ಸರ್, ನಾನು ನೆಟ್ಟಗೇ ನಿಂತಿದ್ದೇನೆ, ಇದೇ ಹಾಳಾಗಿದೆ" ಅಂದ. ಪಕ್ಕದವನನ್ನು ಹತ್ತಿಸಿದೆ, ಅವನದ್ದು ಹೆಚ್ಚುಕಮ್ಮಿ ಸರಿಸಮ ಬಂತು. ಕೇಳಿದ ಮೇಲೆ ಹೊರಬಿತ್ತು, ಹಿಂದಿನ ವರ್ಷ ವಾಲಿಬಾಲ್ ಆಡುವಾಗ ಬಲಗಾಲು ಉಳುಕಿತ್ತಂತೆ, ನೋವು ಹೋದ ಮೇಲೆ ಮನೆಯವರೂ ಮರೆತಿದ್ದಾರೆ, ಅವನೂ ಮರೆತಿದ್ದಾನೆ. ಕಾಲು ಮಾತ್ರ ಮರೆತಿಲ್ಲ, ಭಾರ ತೆಗೆದುಕೊಳ್ಳಲು ಇನ್ನೂ ಹಿಂಜರಿಯುತ್ತಿದೆ. ನಾನು ವರ್ಷವಿಡೀ "ನೆಟ್ಟಗೆ ನಿಲ್ಲೋ" ಅಂತ ಕೂಗಿದ್ದರೂ ಅವನಿಗೆ ಇದು ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಅವನ ಮಟ್ಟಿಗೆ ಅವನು ನೆಟ್ಟಗೇ ನಿಂತಿದ್ದ.

ಹದಿಹರೆಯದಲ್ಲಿ ಇದು ಜಾಸ್ತಿ. ಮೈಯನ್ನು ಬೀಳದಂತೆ ಹಿಡಿಯಲು ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಬರುವ ಸುದ್ದಿಯನ್ನು ಮಿದುಳು ಒಟ್ಟು ಸೇರಿಸಿ ಲೆಕ್ಕ ಹಾಕುತ್ತಿರುತ್ತದೆ. ಹುಡುಗಿಯರು ಸುಮಾರು 12ನೇ ವಯಸ್ಸಿಗೆ, ಹುಡುಗರು ಸುಮಾರು 14ಕ್ಕೆ ಎಲ್ಲಕ್ಕಿಂತ ವೇಗವಾಗಿ ಎತ್ತರ ಬೆಳೆಯುತ್ತಾರೆ. ಕಾಲು ಉದ್ದವಾಯಿತು, ಭಾರದ ಕೇಂದ್ರ ಮೇಲಕ್ಕೆ ಹೋಯಿತು, ಮಿದುಳು ಮಾತ್ರ ಇನ್ನೂ ಹಳೇ ಅಳತೆ ಹಿಡಿದುಕೊಂಡಿದೆ. ಆಗಲೇ ಮಕ್ಕಳು ಎಡವುವುದು, ಹೊಸ್ತಿಲಿಗೆ ಕಾಲು ಬಡಿಸಿಕೊಳ್ಳುವುದು. ಮನೆಯಲ್ಲಿ "ಕಣ್ಣು ಎಲ್ಲಿಟ್ಟಿದ್ದೀ" ಅಂತ ಬೈಸಿಕೊಳ್ಳುವುದೂ ಆಗಲೇ.

ಆದರೆ ಸರಿಯಾಗಿ ಇದೇ ವಯಸ್ಸಿಗೆ ನಾವು ಬ್ಯಾಲೆನ್ಸ್ ನೋಡುವುದನ್ನು ಬಿಟ್ಟುಬಿಡುತ್ತೇವೆ. ಶಾಲಾ ಮಕ್ಕಳ ಫಿಟ್‌ನೆಸ್ ಅಳೆಯಲು 2019ರಲ್ಲಿ ಬಂದ ಖೇಲೋ ಇಂಡಿಯಾ ಆ್ಯಪ್ ತೆಗೆದು ನೋಡಿ. 5ರಿಂದ 8 ವರ್ಷದ ಮಕ್ಕಳಿಗೆ ಫ್ಲೆಮಿಂಗೊ ಟೆಸ್ಟ್ ಇದೆ, ಅಂದರೆ ಗದ್ದೆಯಲ್ಲಿ ಬೆಳ್ಳಕ್ಕಿ ನಿಂತ ಹಾಗೆ ಒಂಟಿ ಕಾಲಲ್ಲಿ ನಿಲ್ಲಬೇಕು, ಎಷ್ಟು ಸಲ ಕಾಲು ಕೆಳಗೆ ಬಂತು ಅಂತ ಲೆಕ್ಕ ಇಡಬೇಕು. 9 ವರ್ಷ ದಾಟಿದ ಮೇಲೆ 50 ಮೀಟರ್ ಓಟ, 600 ಮೀಟರ್ ಓಟ, ಕೂತು ಮುಂದಕ್ಕೆ ಬಾಗುವುದು, ಪುಶ್ ಅಪ್, ಕರ್ಲ್ ಅಪ್. ಬ್ಯಾಲೆನ್ಸ್ ಪಟ್ಟಿಯಲ್ಲೇ ಇಲ್ಲ. ಹೈಸ್ಕೂಲ್ ಮಕ್ಕಳಿಗೆ ಅದು ತಾನಾಗಿ ಬಂದಿರುತ್ತದೆ ಅಂತ ಅಂದುಕೊಂಡಿದ್ದಾರೋ ಏನೋ. ಆ ಒಂದು ಟೆಸ್ಟನ್ನು 8, 9, 10ನೇ ಕ್ಲಾಸಿಗೂ ಇಡಿ ಅಂತ ಇಲಾಖೆಯವರಲ್ಲಿ ಕೇಳಿಕೊಳ್ಳುತ್ತೇನೆ. ಒಂದು ಪಟ್ಟಿ ಮರ, ಒಂದು ವಾಚು, ಇಷ್ಟೇ ಖರ್ಚು.

ಸರಿ, ಗೇಮ್ ಆಡಿದರೆ ಬ್ಯಾಲೆನ್ಸ್ ನಿಜಕ್ಕೂ ಸುಧಾರಿಸುತ್ತದಾ? ಈ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ಸಾಕಷ್ಟು ಅಧ್ಯಯನ ಆಗಿದೆ. ಹೆಚ್ಚಿನವು ಸಣ್ಣವು, ಕೆಲವೇ ವಾರ ನಡೆದವು. ಸುಮ್ನೆ ಕೂತವರಿಗೆ ಹೋಲಿಸಿದರೆ ಆಡಿದವರಲ್ಲಿ ಸುಧಾರಣೆ ಕಂಡ ಉದಾಹರಣೆ ಬಹಳ ಇವೆ, ಆದರೆ ಮಾಮೂಲಿ ಬ್ಯಾಲೆನ್ಸ್ ವ್ಯಾಯಾಮಕ್ಕಿಂತ ಗೇಮೇ ಮೇಲು ಅಂತ ಎದೆ ತಟ್ಟಿ ಹೇಳುವಷ್ಟು ಆಧಾರ ಇಲ್ಲ. ನನಗೆ ಇಷ್ಟು ಸಾಕು. ಮಳೆಗಾಲದಲ್ಲಿ ನಮ್ಮ ಮಕ್ಕಳು ಇರುವುದೇ ಸುಮ್ನೆ ಕೂತವರ ಗುಂಪಿನಲ್ಲಿ, ಅಲ್ವಾ? ಅದಕ್ಕಿಂತ ಗಟ್ಟಿ ಆಧಾರ ಇರುವುದು ಮಾಮೂಲಿ ಬ್ಯಾಲೆನ್ಸ್ ವ್ಯಾಯಾಮಕ್ಕೆ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೈಸ್ಕೂಲಿನ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಆಟಗಾರರಿಗೆ ಒಂಟಿ ಕಾಲಲ್ಲಿ ನಿಲ್ಲುವುದು, ಅಲ್ಲಾಡುವ ಹಲಗೆ ಮೇಲೆ ನಿಲ್ಲುವುದು ಇವನ್ನೆಲ್ಲ ಮಾಡಿಸಿದ್ದರು, ಪಾದದ ಗಂಟು ಉಳುಕುವುದು ಸ್ಪಷ್ಟವಾಗಿ ಕಡಿಮೆಯಾಯಿತು. ಅದರಲ್ಲಿ ಟಿವಿಯೂ ಇರಲಿಲ್ಲ, ಗೇಮೂ ಇರಲಿಲ್ಲ.

ಹಾಗಾದರೆ ಗೇಮ್ ಯಾಕೆ ಬೇಕು ಅಂತ ಕೇಳಬಹುದು. ಒಂಬತ್ತನೇ ಕ್ಲಾಸಿನ ಹುಡುಗರಿಗೆ ಎರಡು ನಿಮಿಷ ಒಂಟಿ ಕಾಲಲ್ಲಿ ನಿಲ್ಲಲು ಹೇಳಿ ನೋಡಿ. ಅರ್ಧ ನಿಮಿಷಕ್ಕೆ ಒಬ್ಬ ಇನ್ನೊಬ್ಬನನ್ನು ತಳ್ಳುತ್ತಾನೆ, ಅಲ್ಲಿಗೆ ಪಾಠ ಮುಗಿಯಿತು. ಅದೇ ಹಲಗೆ ಮೇಲೆ ನಿಲ್ಲಿಸಿ ಫುಟ್‌ಬಾಲ್ ಹೆಡಿಂಗ್ ಆಟ ಹಾಕಿ. ಚೆಂಡು ಬಂದ ಕಡೆಗೆ ಮೈ ವಾಲಿಸಿ ತಲೆ ಕೊಡಬೇಕು, ನಡುನಡುವೆ ಶೂಗಳು ಹಾರಿ ಬರುತ್ತವೆ, ಪಾಂಡಾ ತಲೆಗಳೂ ಬರುತ್ತವೆ, ಅವನ್ನು ತಪ್ಪಿಸಿಕೊಳ್ಳಬೇಕು. ಇಡೀ ಕ್ಲಾಸು ಕೂಗುತ್ತದೆ. ಆಡುವವನ ಕಣ್ಣು ಚೆಂಡಿನ ಮೇಲೆ, ಕಾಲಿನ ಬಗ್ಗೆ ಅವನಿಗೆ ಯೋಚನೆಯೇ ಇಲ್ಲ, ಕಾಲು ತನ್ನ ಪಾಡಿಗೆ ಕಲಿಯುತ್ತಿರುತ್ತದೆ. ಗಮನ ಸ್ವಂತ ಮೈ ಮೇಲಿರುವುದಕ್ಕಿಂತ ಹೊರಗಿನ ಗುರಿ ಮೇಲಿದ್ದರೆ ಬ್ಯಾಲೆನ್ಸ್ ಚೆನ್ನಾಗಿ ಬರುತ್ತದೆ ಅಂತ ಕ್ರೀಡಾ ವಿಜ್ಞಾನದವರೂ ಹೇಳುತ್ತಾರೆ. ಗೋಲಿಗಳನ್ನು ತೂತಿಗೆ ಉರುಳಿಸುವ ಇನ್ನೊಂದು ಆಟ ಇದೆ, ಅದಂತೂ ನಿಧಾನಸ್ಥರ ಆಟ. ಯಕ್ಷಗಾನ ಕ್ಲಾಸಿಗೆ ಹೋಗುವ ಎಂಟನೇ ಕ್ಲಾಸಿನ ಹುಡುಗಿ ಮೊದಲ ಸಲ ಹತ್ತಿದವಳೇ ಮೇಲಿನ ಲೆವೆಲ್‌ವರೆಗೆ ಹೋಗಿ ಬಂದಳು. ದಿಗಿಣ ಹಾಕಿ, ಮಂಡಿ ತಿರುಗಿ ಪಳಗಿದ ಕಾಲು ಅದು, ಹುಡುಗರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

ಎಲ್ಲ ಆಟವೂ ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕೈಯಲ್ಲಿ ರಿಮೋಟ್ ಹಿಡಿದು ಆಡುವ ಟೆನಿಸ್, ಬೌಲಿಂಗ್ ಇವೆಯಲ್ಲ, ಅವನ್ನು ಬೆಂಚಿನಲ್ಲಿ ಕೂತು ಮಣಿಕಟ್ಟು ತಿರುಗಿಸಿಯೇ ಗೆಲ್ಲಬಹುದು. ನಮ್ಮ ಮಕ್ಕಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಒಂದೇ ಪಿರಿಯಡ್‌ನಲ್ಲಿ ಕಂಡುಹಿಡಿದಿದ್ದರು. ಇನ್ನು ಹಲಗೆ ಆಟಗಳಲ್ಲಿ ಹೆಚ್ಚಿನವಕ್ಕೆ ಏದುಸಿರು ಬರುವುದಿಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, 11ರಿಂದ 17 ವರ್ಷದವರಲ್ಲಿ ಜಗತ್ತಿನಾದ್ಯಂತ ನೂರಕ್ಕೆ 81 ಮಂದಿಗೆ ಅಷ್ಟು ಸಿಗುತ್ತಿಲ್ಲ ಅಂತ 2019ರಲ್ಲಿ ಅದೇ ಲೆಕ್ಕ ಕೊಟ್ಟಿತ್ತು. ಆ ಕೊರತೆ ಈ ಹಲಗೆಯಿಂದ ತುಂಬುವುದಿಲ್ಲ. ಮಳೆ ಬಿಟ್ಟ ದಿನ ಟಿವಿ ಆಫ್ ಮಾಡಿ ಮಕ್ಕಳನ್ನು ಹೊರಗೆ ಓಡಿಸಬೇಕು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಕ್ಲಾಸಿನಲ್ಲಿ 45 ಮಕ್ಕಳು, ಇರುವುದು ಒಂದೇ ಹಲಗೆ, ಪಿರಿಯಡ್ 40 ನಿಮಿಷ. ಒಬ್ಬರಿಗೆ ಎರಡು ನಿಮಿಷ ಕೊಟ್ಟರೂ ಅರ್ಧ ಕ್ಲಾಸಿಗೆ ಸರದಿ ಬರುವುದಿಲ್ಲ. ಅದಕ್ಕೆ ಗುಂಪು ಮಾಡಬೇಕು. ಒಂದು ಗುಂಪು ಟಿವಿ ಮುಂದೆ. ಇನ್ನೊಂದು ಗುಂಪು ಮಡಚಿದ ಗೋಣಿಚೀಲದ ಮೇಲೆ ಒಂಟಿ ಕಾಲಲ್ಲಿ ನಿಂತು ಚೆಂಡು ಎಸೆದು ಹಿಡಿಯುತ್ತದೆ. ಮತ್ತೊಂದು ಗುಂಪಿಗೆ ಜಗಲಿಯಲ್ಲಿ ಚಾಕ್‌ಪೀಸಿನಿಂದ ಕುಂಟಾಬಿಲ್ಲೆ ಮನೆ ಬರೆದು ಕೊಟ್ಟರಾಯಿತು. ಹೈಸ್ಕೂಲ್ ಹುಡುಗರು ಮೊದಲು "ಅದು ಹುಡುಗಿಯರ ಆಟ ಸರ್" ಅಂತ ಮುಖ ಸಿಂಡರಿಸುತ್ತಾರೆ, ಎರಡನೇ ಮನೆಯಲ್ಲೇ ಗೆರೆ ತುಳಿದು ಔಟಾದ ಮೇಲೆ ಹಟ ಹಿಡಿಯುತ್ತಾರೆ. ಊರಿನ ಆಚಾರಿಗೆ ಹೇಳಿದರೆ ಗಟ್ಟಿ ಹಲಗೆಯ ಅಡಿಗೆ ಅರ್ಧ ಉರುಟು ಮರದ ತುಂಡು ಬಡಿದು ಅಲ್ಲಾಡುವ ಹಲಗೆ ಮಾಡಿಕೊಡುತ್ತಾರೆ. ಕರೆಂಟು ಹೋದಾಗ, ಮಳೆಗಾಲದಲ್ಲಿ ನಮ್ಮ ಕಡೆ ಅದು ಹೋಗಿಯೇ ಹೋಗುತ್ತದೆ, ಟಿವಿ ಮುಂದಿನ ಗುಂಪೂ ಇದಕ್ಕೇ ಬರಬೇಕು. ಒದ್ದೆ ಕಾಲಲ್ಲಿ ಯಾರನ್ನೂ ಹಲಗೆ ಹತ್ತಿಸಬೇಡಿ, ಪಕ್ಕದಲ್ಲಿ ಒಂದು ಒಣ ಬಟ್ಟೆ ಇರಲಿ. ಫಿಟ್ಸ್ ಇರುವ ಮಕ್ಕಳನ್ನು ಮಿನುಗುವ ಪರದೆ ಮುಂದೆ ನಿಲ್ಲಿಸುವ ಮೊದಲು ಮನೆಯವರನ್ನು, ಡಾಕ್ಟರನ್ನು ಕೇಳಿ.

"ನಮ್ಮ ಕಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋಗುತ್ತಿದ್ದೆವು, ಯಾವ ಮಷಿನ್ ಇತ್ತು?" ಅಂತ ಒಬ್ಬ ಹಿರಿಯರು ನನ್ನನ್ನು ಕೇಳಿದರು. ನಿಜ, ಎರಡು ಅಡಿಕೆ ಮರದ ದಬ್ಬೆ ಮೇಲೆ ಪುಸ್ತಕದ ಚೀಲ ಹೊತ್ತು ಹಳ್ಳ ದಾಟಿದವರಿಗೆ ನಾನು ಬ್ಯಾಲೆನ್ಸ್ ಕಲಿಸಬೇಕಾಗಿಲ್ಲ. ಆದರೆ ತುಂಬಿ ಹರಿಯುವ ಹಳ್ಳದ ಮೇಲೆ ಯಾವ ಮಗುವೂ ಹಾಗೆ ನಡೆಯಬಾರದು ಅಂತಲೇ ಅಲ್ವಾ ನಾವು ಸೇತುವೆ ಕೇಳುವುದು. ಸೇತುವೆ ಆಗಲಿ, ಆಟೋ ಮನೆ ಬಾಗಿಲಿಗೆ ಬರಲಿ. ಅದರ ಜೊತೆ ಮಕ್ಕಳ ಕಾಲಿಗೆ ಇದ್ದ ಕೆಲಸ ತಪ್ಪಿತಲ್ಲ, ಅದನ್ನು ಎಲ್ಲಾದರೂ ಕೊಡಬೇಕಲ್ಲ, ಅಷ್ಟೇ ನನ್ನ ವಾದ.

ನನಗೆ ಹೆದರಿಕೆ ಇರುವುದು ಇನ್ನೊಂದು ಕಡೆಯಿಂದ. ಇದನ್ನು ಓದಿ ಯಾರಾದರೂ "ಸ್ಮಾರ್ಟ್ ಪಿ.ಟಿ. ಕಿಟ್" ಅಂತ ಟೆಂಡರ್ ಕರೆದರೆ ಕತೆ ಮುಗಿಯಿತು. ಡಬ್ಬ ಬರುತ್ತದೆ, ಉದ್ಘಾಟನೆ ಆಗುತ್ತದೆ, ರಿಪೇರಿಗೆ ಬಂದಾಗ ಫೋನ್ ಎತ್ತುವವರು ಇರುವುದಿಲ್ಲ. ಕಿನೆಕ್ಟ್ ತಯಾರಿಸುವುದನ್ನು ಮೈಕ್ರೋಸಾಫ್ಟ್ 2017ರಲ್ಲೇ ನಿಲ್ಲಿಸಿತು, ವೀ ಕೂಡ ಈಗ ಹಳೇ ಸಾಮಾನು. ಇಂಥ ಯಂತ್ರ ನಂಬಿ ಪಠ್ಯ ಬರೆಯಬಾರದು, ಇದ್ದರೆ ಬಳಸಬೇಕು ಅಷ್ಟೇ. ಈಗ ಮೊಬೈಲ್ ಕ್ಯಾಮರಾದಿಂದಲೇ ಕೈಕಾಲಿನ ಚಲನೆ ಗುರುತಿಸುವ ಆಟಗಳು ಬಂದಿವೆ, ಅಗ್ಗವೂ ಹೌದು. ಅದರಲ್ಲಿ ಮಕ್ಕಳ ವಿಡಿಯೋ ಯಾವ ಕಂಪನಿಯ ಕಂಪ್ಯೂಟರಿಗೆ ಹೋಗಿ ಬೀಳುತ್ತದೆ ಅಂತ ಮೊದಲು ಕೇಳಿ. ಸರಿಯಾದ ಉತ್ತರ ಬರದಿದ್ದರೆ ಆ ಆಟ ಬೇಡ.

ಸದ್ಯಕ್ಕೆ ಬೇಕಾದದ್ದು ಹಣ ಅಲ್ಲ, ಒಂದು ಸುತ್ತೋಲೆ. ಸ್ಮಾರ್ಟ್ ಕ್ಲಾಸ್ ಟಿವಿ ಇರುವ ಎಷ್ಟೋ ಶಾಲೆಗಳಲ್ಲಿ ಅದು ವಾರದ ಹೆಚ್ಚಿನ ದಿನ ಕವರ್ ಹೊದ್ದುಕೊಂಡೇ ಇರುತ್ತದೆ. "ಪಾಠಕ್ಕೆ ಕೊಟ್ಟ ಟಿವಿಯಲ್ಲಿ ಆಟ ಆಡಿಸಿದರೆ ಯಾರು ಉತ್ತರ ಕೊಡೋದು" ಅಂತ ಮುಖ್ಯಶಿಕ್ಷಕರು ಹೆದರುತ್ತಾರೆ, ಅವರ ಜಾಗದಲ್ಲಿದ್ದರೆ ನಾನೂ ಹೆದರುತ್ತಿದ್ದೆ. ಮಳೆಗಾಲದಲ್ಲಿ ಪಿ.ಟಿ. ಪಿರಿಯಡ್ ಬೇರೆ ವಿಷಯಕ್ಕೆ ಕೊಡಬಾರದು, ಆ ಹೊತ್ತಿಗೆ ಟಿವಿ ಬಳಸಬಹುದು ಅಂತ ಕಾರವಾರ ಮತ್ತು ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಗಳ ಡಿಡಿಪಿಐಯವರು ಎರಡು ಸಾಲು ಬರೆದರೆ ಈ ಜೂನ್‌ನಿಂದಲೇ ಶುರು ಮಾಡಬಹುದು.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಬೆಂಗಳೂರು, ಗೋವಾ, ಗಲ್ಫ್ ಅಂತ ಹೊರಗಿರುವ ನಮ್ಮ ಜಿಲ್ಲೆಯವರ ಮನೆಯ ಅಟ್ಟದಲ್ಲಿ ಇಂಥ ಹಳೇ ಹಲಗೆ, ಹಳೇ ಸೆಟ್ ಧೂಳು ತಿನ್ನುತ್ತ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ಊರಿಗೆ ಬರುವಾಗ ಹತ್ತಿರದ ಹೈಸ್ಕೂಲಿಗೆ ಕೊಡಿ. ಟಿವಿಗೆ ಹಾಕುವ ಕೆಂಪು, ಬಿಳಿ, ಹಳದಿ ವೈರನ್ನೂ ಮರೆಯದೇ ತನ್ನಿ, ಅದು ನಮ್ಮ ಪೇಟೆಯಲ್ಲಿ ಸಿಗುವುದು ಕಷ್ಟ.

ಇಂತಿ,
ಹೈಸ್ಕೂಲಿನ ಒಬ್ಬ ಪಿ.ಟಿ. ಮಾಸ್ತರ
ಅಂಕೋಲಾ ತಾಲೂಕು, ಉತ್ತರ ಕನ್ನಡ